ಚೌಕದ ಗೋಡೆ ತೊಳೆಯುವ ವೀರ್ಲೆ

ಗಂಟೆಗೋಪುರದ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ಪಾರಿವಾಳಗಳಿಗಿಂತ ಮೊದಲೇ ಚೌಕಕ್ಕೆ ಬಂದಿರುವವರು ವೀರ್ಲೆ ದ ಸ್ಮೆಟ್. ಏಣಿ ಹತ್ತಿ, ರೊಟ್ಟಿ ಸುಡುವವರ ಹಳೆಯ ಸಂಘದ ಮನೆಯ ಗೋಡೆ ಉಜ್ಜುತ್ತಿದ್ದಾರೆ. ಕಾಫಿ ಅಂಗಡಿಯ ಯೋರಿಸ್ ಬಾಗಿಲು ತೆಗೆಯುತ್ತಲೇ ಕೆಣಕುತ್ತಾನೆ.

"ಏನಕ್ಕಾ, ಆ ಮೂಲೆಗೆ ಇವತ್ತೂ ರಜಾನಾ?"

"ನಿನ್ ಕಾಫಿಗೆ ರುಚಿ ಬಂದ ದಿನ ತೊಳೀತೀನಿ, ಹೋಗೋ!"

ಮೂಲೆ ಎಂದರೆ ಬಾಗಿಲ ಎಡಕ್ಕೆ, ನೆಲಮಾಳಿಗೆಯ ಕಿಂಡಿಯ ಮೇಲೆ ಆಳೆತ್ತರಕ್ಕೆ ಹಬ್ಬಿದ ಕಪ್ಪು ಕಲೆ.

ಫ್ಲಾಂಡರ್ಸ್ ನಾಡಿನ ನಮ್ಮ ಊರಿಗೆ ಬಂದವರು ಈ ಚೌಕ ನಾನ್ನೂರು ವರ್ಷ ಹಳೆಯದೆಂದು ಬೆರಗಾಗುತ್ತಾರೆ. ನಿಜಕ್ಕೆ ಬಟ್ಟೆ ವರ್ತಕರ ಚಾವಡಿ, ಗೋಪುರ, ಸಂಘದ ಮನೆಗಳು ಎಲ್ಲವೂ ಮೊದಲ ಮಹಾಯುದ್ಧದಲ್ಲಿ ಸುಟ್ಟು ಬಿದ್ದು, ಮತ್ತೆ ಹಾಗೆಯೇ ಎದ್ದವು. ನಾವು ಹಠಮಾರಿಗಳು, ಹೊಸ ಕಲ್ಲಿನ ಮೇಲೂ ಹಳೆಯ ಇಸವಿಯನ್ನೇ ಕೆತ್ತಿಸಿದೆವು. ಬೀಳದೆ ಉಳಿದದ್ದು ಈ ಮೂಲೆಯೊಂದೇ. ಅದರ ಕಪ್ಪು ಅಂದಿನ ಹೊಗೆಯದು.

ಆ ದಿನ ಕೆಳಗಿನ ನೆಲಮಾಳಿಗೆಯಲ್ಲಿ ಅಡಗಿದ್ದವರು ವೀರ್ಲೆಯವರ ಮುತ್ತಜ್ಜಿ ಮತ್ತು ಆಕೆಯ ಇಬ್ಬರು ಪುಟ್ಟ ಗಂಡುಮಕ್ಕಳು. ಮೂವರೂ ಅಲ್ಲೇ ಸುಟ್ಟು ಬೂದಿಯಾದರು. ಸೋದರತ್ತೆಯ ಊರಿಗೆ ಹೋಗಿದ್ದ ಮಗಳೊಬ್ಬಳು ಬದುಕಿಕೊಂಡಳು. ಆಕೆಯೇ ವೀರ್ಲೆಯವರ ಅಜ್ಜಿ.

"ನಮ್ಮ ಬೀದೀಲಿ ಯಾರೇ ಸತ್ರೂ ಅಜ್ಜಿ ಹೋಗಿ ಮೈ ತೊಳೆದು, ಬಟ್ಟೆ ಹಾಕಿ ಮಲಗಿಸಿ ಬರೋಳು. ಮಾತು ಬಿಟ್ಟವ್ರ ಮನೆಗೂ ಹೋಗೋಳು. ಆದ್ರೆ ಅವಳಮ್ಮಂದು, ತಮ್ಮಂದಿರದ್ದು ತೊಳೆಯೋಕೆ ಮೈಯೇ ಸಿಗ್ಲಿಲ್ವಲ್ಲಾ."

ಚೌಕದ ಗೋಡೆಗಳ ಕೆಲಸಕ್ಕೆ ಸೇರಿದಂದಿನಿಂದ ವೀರ್ಲೆ ಆ ಕಲೆಯನ್ನು ಬಿಟ್ಟು ಸುತ್ತ ತೊಳೆದಿದ್ದಾರೆ. ಮೇಸ್ತ್ರಿಗಳು ಕಂಡೂ ಕಾಣದಂತಿದ್ದರು. ಚಳಿಗಾಲದಲ್ಲಿ ವೀರ್ಲೆಯವರ ಬೆರಳುಗಳು ಬಿರಿದು ರಕ್ತ ಬರುತ್ತದೆ, ಮಂಡಿ ಮಾತು ಕೇಳುವುದಿಲ್ಲ. ಅದನ್ನೆಲ್ಲ ಅವರು ದುಃಖವೆಂದು ಎಣಿಸಿದವರಲ್ಲ. ಈಗಿನದು ಬೇರೆ. ಬರುವ ಉತ್ಸವಕ್ಕೆ ಚೌಕವೆಲ್ಲ ಒಂದೇ ಬಣ್ಣ ಆಗಬೇಕಂತೆ. ಮರಳು ಎರಚಿ ಕಲ್ಲು ಕೆರೆಯುವ ಯಂತ್ರ ಸೋಮವಾರ ಬರುತ್ತದೆ. ನಗರಸಭೆಗೆ ಹೋಗಿ ಅಂಗಲಾಚಿದ ವೀರ್ಲೆಗೆ, "ಕೊಳೆ ಅಂದ್ರೆ ಕೊಳೆನೇ ಅಮ್ಮಾ" ಎಂಬ ಉತ್ತರ ಸಿಕ್ಕಿತು.

ವೀರ್ಲೆಗೆ ಸಿಟ್ಟಿಲ್ಲ. ಏಣಿಯಿಂದ ಇಳಿದು ಕಲೆಯ ಮುಂದೆ ನಿಲ್ಲುತ್ತಾರೆ.

"ಉಳಿಸಿ ಅಂತ ಇನ್ನು ಕೇಳಲ್ಲ. ಆ ಮಿಷಿನ್ ಮಾತ್ರ ಬೇಡ ಅಂತ ನಗರಸಭೇಲಿ ಹೇಳಿದೀನಿ. ಭಾನುವಾರ ಒಂದಿನ ನಂಗೇ ಬಿಟ್ಬಿಡಿ ಅಂದೆ. ನೀರು ಮನೇಲೇ ಬೆಚ್ಚಗೆ ಕಾಯಿಸ್ಕೊಂಡು ತರ್ತೀನಿ. ಅವ್ರನ್ನ ತೊಳೆಯೋಕೆ ಮನೆಯವಳು ಅಂತ ನಾನೊಬ್ಬಳು ಇನ್ನೂ ಇದೀನಲ್ಲ."