ತಗಡಿನ ಕೆಳಗಿನ ಬೊಂತೆ

ಎಂಬತ್ತರ ದಶಕದ ಆರಂಭದಲ್ಲಿ, ಬಂಗಾರಪೇಟೆಯ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಚಿಂದಿ ಬಟ್ಟೆಯಿಂದ ಮನೆ ಕಟ್ಟಬಹುದೆಂಬ ತೀರ್ಮಾನಕ್ಕೆ ಬಂದೆ. ತೀರ್ಮಾನಕ್ಕೆ ಬರುವುದು ಆಗ ನನಗೆ ಕಷ್ಟದ ಕೆಲಸವಾಗಿರಲಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಒಂದು ವರ್ಷ ಯಂತ್ರಗಳ ಪರವಾಗಿ, ಮರುವರ್ಷ ಯಂತ್ರಗಳ ವಿರುದ್ಧವಾಗಿ ಮಾತನಾಡಿ ಎರಡು ಸಲವೂ ಪಾರಿತೋಷಕ ಗೆದ್ದಿದ್ದೆ.

ಬಜಾರಿನ ದರ್ಜಿಗಳು ಪ್ರತಿ ಸಂಜೆ ಚೂರು ಬಟ್ಟೆಯನ್ನು ಗುಡಿಸಿ ಬೆಂಕಿ ಹಚ್ಚುತ್ತಿದ್ದರು. ಅದೇ ಊರಿನ ಆಚೀಚೆ ಗೋಡೆಯಿಲ್ಲದ ಸಂಸಾರಗಳಿದ್ದವು. ಈ ಎರಡು ಸಂಗತಿಗಳ ನಡುವೆ ಕೊರತೆಯಾಗಿರುವುದು ಒಂದು ನಕ್ಷೆ ಮಾತ್ರ ಎಂದು ನನಗೆ ತೋರಿತು. ನಕ್ಷೆ ಬರೆದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಸರ್ವೆ ಮರದ ಗಳುಗಳ ಚೌಕಟ್ಟು. ಸುಣ್ಣ ಬೆರೆಸಿದ ಕೆಸರಿನಲ್ಲಿ ಬಟ್ಟೆಯನ್ನು ಅದ್ದಿ, ಗಳುಗಳಿಗೆ ಸುತ್ತಿ, ಗೇಣುದಪ್ಪಕ್ಕೆ ಒತ್ತಿದ ಗೋಡೆ. ಮೇಲೆ ತಗಡಿನ ಶೀಟು. ರಟ್ಟು ಮತ್ತು ಬಟ್ಟೆಯಲ್ಲಿ ಅಂಗೈಯಗಲದ ಒಂದು ಮಾದರಿಯನ್ನೂ ಮಾಡಿದೆ.

ಮನೆ ಬೇಕಾಗಿದ್ದವರೂ ಸಿಕ್ಕರು. ನಮ್ಮ ಶಾಲೆಯ ಹೊಸ ಕೋಣೆಯ ಗಾರೆ ಕೆಲಸಕ್ಕೆ ಒಬ್ಬಾಕೆ ದಿನವೂ ಮಾರಿಕುಪ್ಪಂ ರೈಲಿನಲ್ಲಿ ಬರುತ್ತಿದ್ದರು. ವಾಸ ನಂದಿದುರ್ಗದ ಗಣಿ ಲೈನಿನಲ್ಲಿ, ಅಂದರೆ ಚಿನ್ನದ ಗಣಿಯವರು ಕಾರ್ಮಿಕರಿಗೆ ಕಟ್ಟಿಸಿದ ಸಾಲುಮನೆಗಳಲ್ಲಿ. ಆಕೆಯ ಗಂಡ ಕೆಮ್ಮಿನಿಂದಾಗಿ ಗಣಿ ಕೆಲಸ ಬಿಟ್ಟಿದ್ದರು. ಕೆಲಸ ಬಿಟ್ಟವರು ಬೇಸಿಗೆ ಮುಗಿಯುವುದರೊಳಗೆ ಲೈನಿನ ಮನೆಯನ್ನೂ ಬಿಡಬೇಕಾಗಿತ್ತು. ಬಂಗಾರಪೇಟೆಯಾಚೆಯ ತವರೂರಿನಲ್ಲಿ ಅಣ್ಣ ಒಂದು ತುಂಡು ಜಾಗ ಕೊಟ್ಟಿದ್ದ. ಸೂರಿಗೆ ಹಳೆಯ ತಗಡಿನ ಶೀಟುಗಳು ದೊರೆತಿದ್ದವು. ಆಕೆಯ ಭಯವೂ ಆ ಶೀಟುಗಳದ್ದೇ.

"ರಾತ್ರಿಯೆಲ್ಲ ಕೆಮ್ತಾರೆ ಮೇಷ್ಟ್ರೇ. ಅಗಲೊತ್ತು ಒಂದೀಟು ಕಣ್ಣು ಮುಚ್ಚಿದ್ರೆ ಅದೇ ನಿದ್ದೆ. ತಗಡಿನ ಕೆಳಗೆ ಅಗಲೊತ್ತು ಮಲಗೋಕಾಯ್ತದಾ? ಉಸ್ರು ಎಲ್ಲಿಂದ ಬತ್ತದೆ?"

ಬಟ್ಟೆಯ ಗೋಡೆ ಮನೆಯನ್ನು ತಂಪಾಗಿಡುವುದಕ್ಕೆ ಮೂರು ಕಾರಣಗಳನ್ನು ಕೊಟ್ಟೆ. ಆಕೆ ತಲೆಯ ಮೇಲೆ ಗಾರೆ ಬಾಂಡಲಿ ಹೊತ್ತುಕೊಂಡೇ ಮೂರನ್ನೂ ಕೇಳಿದರು.

"ಸೆಕೆ ಗೋಡೆಯಿಂದ ಬರಲ್ಲ. ಮೇಲಿಂದ ಬತ್ತದೆ."

ಈ ಆಕ್ಷೇಪವನ್ನು ನಾನು ಮೊದಲೇ ನಿರೀಕ್ಷಿಸಿದ್ದೇನೆಂದೂ ಸರದಿ ಬಂದಾಗ ಉತ್ತರಿಸುವೆನೆಂದೂ ಹೇಳಿದೆ. ಸರದಿ ಬರಲಿಲ್ಲ. ಇಟ್ಟಿಗೆ ಕೊಳ್ಳುವ ಶಕ್ತಿಯಿಲ್ಲದ್ದರಿಂದಲೂ ಬಟ್ಟೆ ಪುಕ್ಕಟೆ ಎಂದು ನಾನು ಹೇಳಿದ್ದರಿಂದಲೂ ಆಕೆ ಒಪ್ಪಿದರು. ಮಾದರಿಯನ್ನು ಗಂಡನಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗದೆ ಸಾರ್. ಇಲಿಗೆ ಸರಿಯಾಯ್ತದೆ" ಎಂದು ಜೋಪಾನವಾಗಿ ಗೋಡೆಯ ಗೂಡಿನಲ್ಲಿಟ್ಟರು.

ದರ್ಜಿಗಳ ಚೂರು ಮೂಟೆಗಟ್ಟಲೆ ಸಿಕ್ಕಿತು. ಉದ್ದನೆಯ ಬಟ್ಟೆಗಾಗಿ ಉರಿಗಾಂ ಲೈನುಗಳಲ್ಲಿ ಮನೆಮನೆಗೆ ಹೋದೆ. ಹಳೆಯ ಬಟ್ಟೆ ಎಂದೊಡನೆ ಹೆಂಗಸರು ಗಂಟುಗಳನ್ನೇ ಹೊರಗೆ ತಂದು, ನನ್ನ ಬರಿಗೈ ನೋಡಿದರು.

"ಪಾತ್ರೆ ಎಲ್ಲಿ?"

ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ಶೋಷಣೆಯೆಂದು ವಿವರಿಸಿದೆ. ಪಾತ್ರೆಯ ಬದಲು ಒಂದು ಬಡ ಸಂಸಾರಕ್ಕೆ ಮನೆ ನಿಲ್ಲುತ್ತದೆ ಎಂದೆ.

"ಮನೆ ವೇಂಡಾಂ ಸಾರ್," ಎಂದಳು ಒಬ್ಬಳು, ಗಂಟನ್ನು ಒಳಗೆ ಎಳೆದುಕೊಳ್ಳುತ್ತ. "ಟಿಫನ್ ಕ್ಯಾರಿಯರ್ ಇದ್ರೆ ಬನ್ನಿ."

ಕೊನೆಗೆ ಅಣ್ಣ ಕೊಟ್ಟ ಜಾಗದಲ್ಲಿ ದರ್ಜಿಗಳ ಚೂರಿನಿಂದಲೇ ಗೋಡೆ ಎದ್ದಿತು. ಹತ್ತಿಯ ಬಟ್ಟೆ ಮಾತ್ರ ಇರಲಿ, ಟೆರಿಲಿನ್ ಬೇಡ ಎಂದು ನಾನು ತತ್ತ್ವದ ಕಾರಣಕ್ಕಾಗಿ ಹಟ ಹಿಡಿದಿದ್ದೆ. ಗೋಡೆ ಹೊರಗೆ ಒಣಗಿ ಬಿರುಕು ಬಿಟ್ಟಿತು. ಒಳಗೆ ಒದ್ದೆಯಾಗಿಯೇ ಉಳಿಯಿತು. ಮೂರನೆಯ ವಾರ ಗೆದ್ದಲು ಬಂದವು. ಹತ್ತಿಯ ವಿಷಯದಲ್ಲಿ ಅವು ನನ್ನೊಡನೆ ಪೂರ್ಣ ಸಹಮತ ಹೊಂದಿದ್ದವು.

ಗಂಡ ಮನೆ ನೋಡಲು ಬಂದರು. ಒಳಗೆ ಹೋಗಿ, ಹಸಿ ಬಟ್ಟೆಯ ವಾಸನೆಯ ನಡುವೆ ಸ್ವಲ್ಪ ಹೊತ್ತು ಕುಳಿತರು. ಆಮೇಲೆ ಕೆಮ್ಮು ಹಿಡಿದುಕೊಂಡಿತು. ಹೆಂಡತಿ ಅವರನ್ನು ಹುಣಸೆಮರದ ಕೆಳಗೆ ಕರೆತಂದು ಬೆನ್ನು ನೀವುತ್ತಿರುವಾಗ, ಉಸಿರು ಸಿಕ್ಕ ಕೂಡಲೇ ಅವರು ನನ್ನತ್ತ ತಿರುಗಿ, "ಚೆನ್ನಾಗದೆ ಸಾರ್" ಎಂದರು.

ಲೈನು ಬಿಡಲು ಇನ್ನೊಂದು ತಿಂಗಳಿತ್ತು. ಸುಣ್ಣದ ಪ್ರಮಾಣ ಹೆಚ್ಚಿಸೋಣ ಎಂದೆ.

"ಮೇಷ್ಟ್ರೇ, ನಾನು ಏಳೋದು ಒಂದು ಕಿತ ಕೇಳ್ತೀರಾ?" ಎಂದರು ಆಕೆ. "ನೀವು ಮಧ್ಯ ಮಾತಾಡಬಾರ್ದು."

ಕೇಳಿದೆ. ಆಕೆಯ ಯೋಜನೆ ಇದು: ಗೋಡೆ ಮಣ್ಣಿನದೇ ಆಗಲಿ, ಅದನ್ನು ಅಣ್ಣ ತಮ್ಮಂದಿರು ಸೇರಿ ಏರಿಸುತ್ತಾರೆ. ಬಟ್ಟೆಯನ್ನು ಬೊಂತೆ ಹೊಲಿಯೋಣ. ನಮ್ಮ ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಹೊದೆಯುವ ದಪ್ಪ ಹೊದಿಕೆಗೆ ಬೊಂತೆ ಎನ್ನುತ್ತಾರೆ. ಆಕೆಗೆ ಬೇಕಾಗಿದ್ದದ್ದು ಮನೆ ಹೊದೆಯುವ ಬೊಂತೆ: ಮೇಲೆ ಕೆಳಗೆ ಸೀರೆ, ನಡುವೆ ದರ್ಜಿಯ ಚೂರು, ಅಳತೆ ಸೂರಿನಷ್ಟು. ಅದನ್ನು ಶೀಟಿನ ಕೆಳಗೆ ಕಟ್ಟಬೇಕು, ಶೀಟಿಗೂ ಅದಕ್ಕೂ ನಡುವೆ ಗಾಳಿಯಾಡಲು ಒಂದು ಗೇಣು ಸಂದು. ಕೆಳಮುಖಕ್ಕೆ ಸುಣ್ಣದ ನೀರು. ಒಲೆ ಮಾತ್ರ ಮನೆಯ ಹೊರಗೆ.

"ಟೆರಿಲಿನ್ ತನ್ನಿ," ಎಂದೂ ಸೇರಿಸಿದರು. "ಗೆದ್ಲಿಗೆ ಅದು ರುಚಿಸಲ್ಲ."

ಸೀರೆಗಳು ಬೇಕಾದವು. ಸೀರೆಗಳಿದ್ದದ್ದು ಉರಿಗಾಂನಲ್ಲಿ. ಹೀಗಾಗಿ ಬೇಸಿಗೆ ರಜದ ಒಂದು ಬೆಳಿಗ್ಗೆ ಬುಟ್ಟಿಯ ತುಂಬ ಸ್ಟೀಲ್ ಲೋಟ, ಡಬ್ಬಿ, ಒಂದು ಟಿಫನ್ ಕ್ಯಾರಿಯರ್ ಹಿಡಿದು ಮಾರಿಕುಪ್ಪಂ ರೈಲು ಹತ್ತಿದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಎದುರಿನ ಸೀಟಿನಲ್ಲಿದ್ದರು. ಅವರು ಬುಟ್ಟಿಯನ್ನು ಬಹಳ ಹೊತ್ತು ನೋಡಿದರು.

"ಇಸ್ಕೂಲ್ ಬಿಟ್ರಾ ಮೇಷ್ಟ್ರೇ?"

"ಇಲ್ಲ. ಇದೊಂದು ಸಾಮಾಜಿಕ ಪ್ರಯೋಗ."

"ಆಯ್ತು ಬಿಡಿ," ಎಂದರು ಅವರು ಸಮಾಧಾನದ ದನಿಯಲ್ಲಿ. ಮತ್ತೊಂದು ನಿಲ್ದಾಣ ದಾಟಿದ ಮೇಲೆ ಮತ್ತೆ ಕೇಳಿದರು: "ಎರಡು ಪ್ಯಾಂಟಿಗೆ ಏನು ಕೊಡ್ತೀರಾ?"

ಟಿಫನ್ ಕ್ಯಾರಿಯರ್ ಕೇಳಿದ್ದಾಕೆ ಏಳು ಸೀರೆ ಕೊಟ್ಟು, ಮುಚ್ಚಳ ಸರಿಯಾಗಿ ಕೂರುವುದಿಲ್ಲವೆಂದು ಒಂದನ್ನು ವಾಪಸ್ಸು ಪಡೆದಳು. ಶೋಷಣೆಗೆ ಒಳಗಾದವನು ಯಾರೆಂಬ ಬಗ್ಗೆ ನನ್ನ ಅಭಿಪ್ರಾಯದಲ್ಲಿ ಅಂದು ಸ್ವಲ್ಪ ತಿದ್ದುಪಡಿಯಾಯಿತು.

ನಂದಿದುರ್ಗದ ಲೈನಿನ ಹೆಂಗಸರು ಬೀದಿಯ ಉದ್ದಕ್ಕೂ ಬಟ್ಟೆ ಹಾಸಿ, ನಾಲ್ಕು ಮಂದಿ ಈ ಕಡೆ ನಾಲ್ಕು ಮಂದಿ ಆ ಕಡೆ ಕುಳಿತು ಹೊಲಿದರು. ನಾನೂ ಸೂಜಿ ಹಿಡಿದೆ. ನಾನು ಹೊಲಿದ ಭಾಗವನ್ನು ಮರುದಿನ ಬಿಚ್ಚಿದ್ದರು. ಅಷ್ಟರಲ್ಲಿ ಅಣ್ಣ ತಮ್ಮಂದಿರು ಮಣ್ಣಿನ ಗೋಡೆ ಏರಿಸಿದ್ದರು. ಮೇ ತಿಂಗಳ ಕೊನೆಯ ವಾರ ಆಕೆ ಲೈನಿನ ಮನೆಯನ್ನು ಗುಡಿಸಿ, ಸಾರಿಸಿ, ಬೀಗದ ಕೈ ಒಪ್ಪಿಸಿ, ಗಂಡನನ್ನು ರೈಲಿನ ಕಿಟಕಿಯ ಪಕ್ಕ ಕೂರಿಸಿಕೊಂಡು ತವರೂರಿಗೆ ಬಂದರು.

ಒಂದು ವಾರದ ಮೇಲೆ, ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ, ಶಾಲೆಯ ಪ್ರಯೋಗಾಲಯದ ಉಷ್ಣಮಾಪಕ ಹಿಡಿದು ಅಲ್ಲಿಗೆ ಹೋದೆ. ಬಿಸಿಲಿಗೆ ಶೀಟು ಮುಟ್ಟಲಾರದಷ್ಟು ಕಾದಿತ್ತು. ಬಟ್ಟೆಯೇ ತಂಪು ನೀಡಿದ್ದರಿಂದ ನನ್ನ ಮೂಲ ಸಿದ್ಧಾಂತಕ್ಕೆ ಭಂಗವಿಲ್ಲ, ಗೋಡೆ ಮಾತ್ರ ಅಡ್ಡಲಾಗಿ ಮಲಗಿ ಸೂರಿಗೇರಿದೆ ಎಂಬ ವಾದವನ್ನು ದಾರಿಯಲ್ಲಿ ಸಿದ್ಧಪಡಿಸಿಕೊಂಡಿದ್ದೆ. ಬಾಗಿಲಲ್ಲಿ ಬಗ್ಗಿ ಒಳಗೆ ಕಾಲಿಟ್ಟು ಬಾಯಿ ತೆರೆದೆ. ಆಕೆ ತುಟಿಯ ಮೇಲೆ ಬೆರಳಿಟ್ಟರು.

ಗಂಡ ಚಾಪೆಯ ಮೇಲೆ ಮಲಗಿದ್ದರು. ಬಾಯಿ ಅರೆ ತೆರೆದಿತ್ತು. ಉಸಿರು ಸ್ವಲ್ಪ ಗೊರಗುಟ್ಟುತ್ತಿದ್ದರೂ ಒಂದೇ ಲಯದಲ್ಲಿ ಬಂದು ಹೋಗುತ್ತಿತ್ತು. ಮೇಲೆ ಸುಣ್ಣ ಬಳಿದ ಬೊಂತೆಯಲ್ಲಿ ಅಲ್ಲಲ್ಲಿ ಸೀರೆಯ ಅಂಚು ಕಾಣುತ್ತಿತ್ತು. ಗೂಡಿನಲ್ಲಿ ನನ್ನ ಮಾದರಿಯಿತ್ತು. ಅದರ ಸೂರು ತೆಗೆದು ಒಳಗೆ ಕೆಮ್ಮಿನ ಮಾತ್ರೆಗಳನ್ನು ಇಟ್ಟಿದ್ದರು.

"ಬಂದಾಗಿಂದ ದಿನಾ ಇಂಗೆ ಮಲಗ್ತಾರೆ," ಎಂದರು ಆಕೆ ಪಿಸುದನಿಯಲ್ಲಿ. "ಕೂತ್ಕೊಳ್ಳಿ. ಎದ್ಮೇಲೆ ಮಾತಾಡೀರಂತೆ."

ಉಷ್ಣಮಾಪಕವನ್ನು ಚೀಲದಿಂದ ತೆಗೆಯಲಿಲ್ಲ. ಗೋಡೆಗೊರಗಿ ಕುಳಿತೆ. ಅವರು ಎದ್ದಾಗ ನಾಲ್ಕು ಗಂಟೆಯಾಗಿತ್ತು.