ಹೊಳ್ಳ ಪ್ರೊಫೆಸರರ ಹದಿನೇಳನೆಯ ಪ್ರಶ್ನೆ

ಪ್ರೊಫೆಸರ್ ವಾದಿರಾಜ ಹೊಳ್ಳರ ಕಾರಿನ ಡಿಕ್ಕಿಯಲ್ಲಿ ಸದಾ ಒಂದು ಜೊತೆ ಹರಿದ ಕೊಲ್ಹಾಪುರಿ ಚಪ್ಪಲಿಗಳು ಇರುತ್ತಿದ್ದವು. ಬಡವರ ಬಸ್ತಿ ಇನ್ನೂ ನೂರು ಹೆಜ್ಜೆ ದೂರವಿರುವಾಗಲೇ ಅವರು ಕಾರು ನಿಲ್ಲಿಸಿ, ಮಿರುಗುವ ಬೂಟುಗಳನ್ನು ಕಳಚಿ, ಕಾಲುಚೀಲಗಳನ್ನು ಮಡಚಿ ಅವುಗಳೊಳಗೆ ಇರಿಸಿ, ಆ ಚಪ್ಪಲಿ ಮೆಟ್ಟಿ, ಹೆಗಲಿಗೆ ಖಾದಿ ಜೋಳಿಗೆ ಏರಿಸಿಕೊಂಡು ನಡೆಯುತ್ತಿದ್ದರು. ಮೊದಲ ದಿನ ನಾನು ಬೆರಗಾಗಿ ನೋಡಿದಾಗ, “ಬೂಟು ಕಂಡ್ರೆ ಜನ ಬಾಯಿ ಬಿಡುದಿಲ್ಲ ಮಾಸ್ಟ್ರೇ. ಇದು ಮೆಥಡಾಲಜಿ,” ಎಂದರು. ಹಿಂತಿರುಗಿದ ಮೇಲೆ ಕಾರಿಗೆ ಒರಗಿ ನಿಂತು ಒದ್ದೆ ಬಟ್ಟೆಯಿಂದ ಪಾದಗಳನ್ನು ಒರೆಸಿಕೊಳ್ಳುತ್ತಿದ್ದ ಕ್ರಮಕ್ಕೆ ಅವರಲ್ಲಿ ಯಾವ ಹೆಸರಿತ್ತೋ, ನಾನು ಕೇಳಲಿಲ್ಲ.

ಅವರದು ಸಾಮಾಜಿಕ ನೀತಿಯ ವಿಷಯ. ಸರಕಾರವು ಯಾರಿಗೆ ಅಕ್ಕಿ ಕೊಡಬೇಕು, ಯಾರಿಗೆ ಸೂರು ಕೊಡಬೇಕು, ಯಾರಿಗೆ ಏನನ್ನೂ ಕೊಡಬೇಕಾಗಿಲ್ಲ ಎಂಬುದನ್ನು ಶಾಸ್ತ್ರೋಕ್ತವಾಗಿ ತೀರ್ಮಾನಿಸುವ ವಿದ್ಯೆ ಅದು. ವಿದೇಶದಲ್ಲಿ ಡಾಕ್ಟರೇಟ್ ಮಾಡಿಬಂದು ಮುಂಬಯಿಯ ಸಂಸ್ಥೆಯೊಂದರಲ್ಲಿ ರೀಡರ್ ಆದರು, ಪ್ರೊಫೆಸರ್ ಆದರು, ವಿಭಾಗದ ಮುಖ್ಯಸ್ಥರಾದರು, ಕೊನೆಗೆ ಸರಕಾರಿ ಸಮಿತಿಗಳಲ್ಲಿ ಕಾಯಂ ಕುರ್ಚಿಯಾದರು. ನಾನು ಸಂಜೆ ಗ್ರಾಂಟ್ ರೋಡಿನ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳುತ್ತ, ಹಗಲು ಅವರ ಸರ್ವೆಗಳ ಫಾರ್ಮು ತುಂಬುತ್ತಿದ್ದೆ. ಇಪ್ಪತ್ತಾರು ವರ್ಷ ಆ ಫಾರ್ಮುಗಳನ್ನು ತುಂಬಿದೆ. ಅವರ ಮೊದಲ ಪುಸ್ತಕದ ಮುನ್ನುಡಿಯಲ್ಲಿ ನಾನು “ಕನ್ನಡ ಬಲ್ಲ ಸಹಾಯಕರೊಬ್ಬರು”. ಎರಡನೆಯದರಲ್ಲಿ ಕಾರಿನ ಡ್ರೈವರನ ಹೆಸರಿತ್ತು, ನನ್ನದಿರಲಿಲ್ಲ. ಮೂರನೆಯದನ್ನು ನಾನು ತೆರೆದು ನೋಡಲಿಲ್ಲ.

ವೇದಿಕೆ ಹತ್ತಿದರೆ ಅವರ ಭಾಷಣ ಒಂದೇ ರೀತಿ ಆರಂಭವಾಗುತ್ತಿತ್ತು: “ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದ ಕೈ ಇದು.” ಸಭೆ ನಿಟ್ಟುಸಿರಿಡುತ್ತಿತ್ತು. ಆ ಹೋಟೆಲು ಅವರ ಸೋದರಮಾವನದು. ನಾನು ಅಲ್ಲಿ ತಿಂಗಳೂಟದ ಗಿರಾಕಿಯಾಗಿದ್ದೆ. ಕಾಲೇಜು ಮುಗಿಸಿ ಬಂದ ಹೊಳ್ಳರು ಫ್ಯಾನಿನ ಕೆಳಗೆ ಗಲ್ಲಾಪೆಟ್ಟಿಗೆಯ ಮೇಲೆ ಇಂಗ್ಲಿಷ್ ಪುಸ್ತಕ ತೆರೆದಿಟ್ಟುಕೊಂಡು ಕೂರುತ್ತಿದ್ದುದನ್ನು, ಸಾಂಬಾರು ಇನ್ನೊಮ್ಮೆ ಕೇಳಿದವರನ್ನು ಕಣ್ಣೆತ್ತಿಯೂ ನೋಡದೆ “ಆಯ್ತಲ್ಲ ಒಂದು ಸಲ” ಎನ್ನುತ್ತಿದ್ದುದನ್ನು ನಾನು ಬಲ್ಲೆ. ಹಾಗೆ ಅನ್ನಿಸಿಕೊಂಡವರಲ್ಲಿ ನಾನೂ ಒಬ್ಬ.

ಇನ್ನೊಂದನ್ನೂ ಬರೆಯಬೇಕು, ಬಿಟ್ಟರೆ ಅವರಿಗೂ ನನಗೂ ವ್ಯತ್ಯಾಸವಿರುವುದಿಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದ ಮೂರು ತಿಂಗಳೂ ಅವರು ಪ್ರತಿ ಶನಿವಾರ ಬಂದು, ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ಮೋಸಂಬಿಯ ಎಳೆಎಳೆ ನಾರನ್ನೂ ಬಿಡಿಸಿ ಅವಳಿಗೆ ತಿನ್ನಿಸಿ ಹೋಗುತ್ತಿದ್ದರು. ಆಗ ಅವರು ಯಾವ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ಕಾಂದಿವಲಿಯ ಕೈಗಾರಿಕಾ ಎಸ್ಟೇಟಿನ ಹಿಂಬದಿಯ ಬಸ್ತಿಯನ್ನು ರಸ್ತೆಗಾಗಿ ತೆರವುಗೊಳಿಸಿ, ಅರ್ಹರಿಗೆ ಅಲ್ಲೇ ಸಮೀಪದ ಬಿಲ್ಡಿಂಗಿನಲ್ಲಿ ಒಂದೊಂದು ಖೋಲಿ ಕೊಡುವುದೆಂದು ತೀರ್ಮಾನವಾಯಿತು. ಯಾರು ಅರ್ಹರೆಂದು ಹೇಳುವ ಹೊಣೆ ಹೊಳ್ಳರದು. ಅಲ್ಲಿಯವರು ಬಹುತೇಕ ಉತ್ತರ ಕರ್ನಾಟಕದ ಕೂಲಿಗಳು. ಅವರಲ್ಲಿ ಒಬ್ಬಳು, ಎಸ್ಟೇಟಿನ ಗಾಳಾಗಳ, ಅಂದರೆ ಸಣ್ಣ ಕಾರ್ಖಾನೆಗಳ ಕೋಣೆಗಳ, ಕಸ ಗುಡಿಸುವ ವಿಧವೆ. ಅವಳನ್ನು ಇಲ್ಲಿ ಮಲ್ಲವ್ವ ಎನ್ನುತ್ತೇನೆ. ನಿಜವಾದ ಹೆಸರನ್ನು ಏಕೆ ಬರೆಯುತ್ತಿಲ್ಲವೆಂಬುದು ಮುಂದೆ ತಿಳಿಯುತ್ತದೆ. ಹೊಳ್ಳರ ಕಾಲಿನ ಕಡೆ ನೋಡಿ ಮರುಗಿದವಳು ಆ ಬಸ್ತಿಯಲ್ಲಿ ಅವಳೊಬ್ಬಳೇ.

“ಅಯ್ಯ ಸಾಹೇಬ್ರ, ಇಷ್ಟು ದೊಡ್ಡ ಸಾಲಿ ಕಲಿಸ್ತೀರಿ, ಕಾಲಾಗ ನೋಡಿದ್ರ ಹರಕ ಚಪ್ಪಲಿ! ಮನ್ಯಾಗ ಯಾರೂ ಹೇಳಂಗಿಲ್ಲೇನ್ರಿ?” ಎಂದವಳೇ, ಅವರು ಜಗಲಿಯಲ್ಲಿ ಕೂತು ಫಾರ್ಮು ನೋಡುತ್ತಿರುವಾಗ ಚಪ್ಪಲಿಗಳನ್ನು ಎತ್ತಿಕೊಂಡು ಹೋಗಿ ಹೊಲಿಸಿ ತಂದಿಟ್ಟಳು. ಹೊಳ್ಳರ ಮುಖ ಹುಳ್ಳಗಾಯಿತು. ಕಾರಿನ ಬಳಿ ನನಗೆ, “ಎಂತ ಜನ ಮಾರಾಯ್ರೆ, ಕೇಳದೇ ಮುಟ್ಟುವುದಾ!” ಎಂದರು.

ಫಾರ್ಮಿನ ಹದಿನೇಳನೆಯ ಪ್ರಶ್ನೆ: “ಊರಿನಲ್ಲಿ ಸ್ವಂತ ಮನೆ ಇದೆಯೇ?” ಸಮಯ ಉಳಿಸಲೆಂದು ಹೊಳ್ಳರು ಎಲ್ಲರನ್ನೂ ಮಾರುತಿ ಗುಡಿಯ ಮುಂದಿನ ತಗಡಿನ ಚಪ್ಪರದಲ್ಲಿ ಸೇರಿಸಿ, ಹೆಸರು ಕೂಗಿ ಕೇಳಿಸಿದರು. ಮಲ್ಲವ್ವನ ಸರದಿ ಬಂದಾಗ ಅವಳ ಮಗಳನ್ನು ನೋಡಲು ಬಂದಿದ್ದ ಹುಡುಗನ ಸೋದರಮಾವ ಅಲ್ಲೇ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ.

“ಐತ್ರಿ!” ಎಂದಳು ಮಲ್ಲವ್ವ, ಗಟ್ಟಿಯಾಗಿ. “ನಾಕು ಖಣದ ಮನಿ. ಮುಂದ ಕಟ್ಟಿ ಐತಿ, ಹಿತ್ತಲದಾಗ ಬೇವಿನ ಗಿಡ ಐತಿ.”

ಆ ಮನೆ ಬಿದ್ದುಹೋಗಿ, ಮೈದುನ ಅಲ್ಲಿ ಎಮ್ಮೆ ಕಟ್ಟುತ್ತಿದ್ದನೆಂದೂ ಅವಳು ಹದಿನೆಂಟು ವರ್ಷದಿಂದ ಆ ಕಡೆ ಮುಖ ಹಾಕಿಲ್ಲವೆಂದೂ ಬಸ್ತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಹೆಣ್ಣು ಹೆತ್ತವರು ನಾಲ್ಕು ಜನರ ಎದುರು ಊರಲ್ಲಿ ಮನೆಯಿಲ್ಲ ಎನ್ನುವುದಿಲ್ಲ. ಅಂದವರನ್ನು ಪಕ್ಕದವರು ಸುಳ್ಳರನ್ನಾಗಿಸುವುದಿಲ್ಲ. ಅಲ್ಲಿಯ ಮರ್ಯಾದೆ ಅದು. ನಾನು “ಹೌದು” ಎಂದು ಬರೆದು, ನಿಜ ಸಂಗತಿಯನ್ನು ಮಾರ್ಜಿನ್ನಿನಲ್ಲಿ ಗುರುತು ಮಾಡಿದೆ. ಹಾಗೆ ಗುರುತು ಮಾಡಿದ ಫಾರ್ಮುಗಳು ಬಹಳ ಇದ್ದವು.

ಹೊಳ್ಳರು ಒಂದೊಂದಾಗಿ ಮಾರ್ಜಿನ್ನಿನ ಆ ಸಾಲುಗಳನ್ನು ಗೀಟು ಎಳೆದು ಹೊಡೆದುಹಾಕಿದರು. “ಮಾರ್ಜಿನ್ ಕಂಪ್ಯೂಟರಿಗೆ ಹೋಗುದಿಲ್ಲ ಮಾಸ್ಟ್ರೇ. ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಎರಡು. ಉಳಿದದ್ದೆಲ್ಲ ಕಥೆ.”

“ಒಬ್ಬೊಬ್ಬರನ್ನೇ ಒಳಗೆ ಕೂರಿಸಿ ಕೇಳಬೇಕಿತ್ತು ಸರ್.”

“ಟೈಮ್ ಎಲ್ಲುಂಟು? ಹೋಗಿ, ಟೋಟಲ್ ಮಾಡಿ.”

ಊರಲ್ಲಿ ಮನೆಯುಳ್ಳವರು ತಾತ್ಕಾಲಿಕ ವಲಸೆಗಾರರು, ಖೋಲಿಗೆ ಅರ್ಹರಲ್ಲ ಎಂದು ವರದಿ ಹೋಯಿತು. ಪಟ್ಟಿ ಅಂಟಿಸಿದ ದಿನ ಮಲ್ಲವ್ವನ ಹೆಸರು ಅದರಲ್ಲಿರಲಿಲ್ಲ. ನಾನೇ ಅವಳನ್ನು ಸಂಸ್ಥೆಗೆ ಕರೆದುಕೊಂಡು ಹೋದೆ. ಬೂಟು ತೊಟ್ಟು ಕೂತಿದ್ದ ಪ್ರೊಫೆಸರರನ್ನು ಅವಳು ನೋಡಿದ್ದು ಅದೇ ಮೊದಲು.

“ನೀವೇ ಹೇಳಿದ್ದಲ್ವಾ ಮಾರಾಯ್ತಿ, ಮನೆ ಉಂಟು ಅಂತ?”

“ಬೀಗರು ಬಾಜೂಕ ಕುಂತಿದ್ರಲ್ರಿ! ನೀವಾದ್ರೂ ಏನ್ ಹೇಳ್ತಿದ್ರಿ? ಮಗಳನ್ನ ಕೊಡೂ ಮುಂದ ನಿಮ್ಮನ್ಯಾಗ ಖರೇನ ಹೇಳ್ತಾರೇನು ಎಲ್ಲಾ?”

ಹೊಳ್ಳರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ಕಣ್ಣಲ್ಲಿ ಹೊಳಪು ಕಂಡು, ಕೆಲಸವಾಯಿತೆಂದೇ ನಾನು ಭಾವಿಸಿದೆ. ಅವರು ಡ್ರಾವರಿನಿಂದ ನೋಟ್‌ಬುಕ್ ತೆಗೆದರು. “ವೆರಿ ಇಂಟರೆಸ್ಟಿಂಗ್. ಇನ್ನೊಮ್ಮೆ ಹೇಳಿ. ಬೀಗರು ಇಲ್ಲದಿದ್ರೆ ಎಂತ ಹೇಳ್ತಿದ್ರಿ?”

ಒಂದು ಗಂಟೆ ಅವಳು ಹೇಳಿದಳು, ಅವರು ಬರೆದುಕೊಂಡರು. ಅವಳಿಗೆ ಚಹಾ ತರಿಸಿದರು. ಕೊನೆಗೆ ಅವಳು, “ಹಂಗಾರ ಹೆಸರು ಸೇರಸ್ತೀರಲ್ರಿ?” ಎಂದಾಗ, ಪೆನ್ನಿಗೆ ಕ್ಯಾಪು ಹಾಕುತ್ತ, “ರಿಪೋರ್ಟ್ ಸಬ್ಮಿಟ್ ಆಯ್ತಲ್ಲ ಅಮ್ಮ, ಅದಿನ್ನು ನನ್ನ ಕೈಯಲ್ಲಿಲ್ಲ,” ಎಂದರು. ತಿದ್ದುಪಡಿಗೆ ಹದಿನೈದು ದಿನಗಳ ಅವಕಾಶವಿತ್ತು. ಒಂದು ಪುಟದ ಪತ್ರ ಸಾಕಿತ್ತು. ಬರೆಯಬೇಕಾದವರು ತಮ್ಮ ವರದಿ ತಪ್ಪೆಂದು ಒಪ್ಪಬೇಕಿತ್ತು, ಅಷ್ಟೆ. ನಾನು ಆ ಪತ್ರವನ್ನು ಟೈಪು ಮಾಡಿ ಅವರ ಮೇಜಿನ ಮೇಲೆ ಇಟ್ಟೆ. ಹದಿನಾರನೆಯ ದಿನ ಅದು ಸಹಿಯಿಲ್ಲದೆ ನನ್ನ ಮೇಜಿಗೆ ಹಿಂತಿರುಗಿತು.

ಮಾನವೂ ಸರ್ವೆಯೂ ಎಂಬ ವಿಷಯವಾಗಿ ಅವರು ಬರೆದ ಪ್ರಬಂಧ ಮರುವರ್ಷವೇ ಹೊರಬಂತು. ಅದರಲ್ಲಿ ಮಲ್ಲವ್ವ ಒಂದಕ್ಷರದ ಹೆಸರಿನ ಹೆಂಗಸಾಗಿದ್ದಳು. ಅದನ್ನು ಓದಲು ಅವರನ್ನು ಯಾವ ಯಾವ ದೇಶಗಳು ಕರೆದವೋ! ಅವರ ಹೆಸರು ನಿಂತದ್ದೇ ಆ ಪ್ರಬಂಧದಿಂದ. ಮಲ್ಲವ್ವ ದೂರದ ನಾಲಾಸೋಪಾರಾದ ಬಾಡಿಗೆ ಖೋಲಿಗೆ ಹೋದಳು; ಮೊದಲ ಲೋಕಲ್ ಹಿಡಿದು ಬಂದು ಅದೇ ಕಾಂದಿವಲಿಯ ಗಾಳಾಗಳನ್ನು ಗುಡಿಸಿದಳು. ಮಗಳ ಮದುವೆ ಮಾತ್ರ ಸಾಂಗವಾಗಿ ಆಯಿತು. ಬೀಗರು ಇಂದಿಗೂ ಬೇವಿನ ಗಿಡದ ಮನೆಯನ್ನು ನಂಬಿದ್ದಾರೆ. “ಮಾಸ್ತರ, ಅದೊಂದು ಬಾಯಿ ಬಿಡಬ್ಯಾಡ್ರಿ. ಬೀಗತಿ ಬಾಳ ಕಟುಕಿ, ಹುಡಿಗೀನ ಚುಚ್ಚಿ ಚುಚ್ಚಿ ಕೊಲ್ತಾಳ,” ಎಂದು ಮಲ್ಲವ್ವ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.

ಹೊಳ್ಳರು ಹೋದ ತಿಂಗಳು ತೀರಿಕೊಂಡರು. ಅದಕ್ಕೆ ಕೆಲವು ವಾರಗಳ ಮೊದಲು ಬೊರಿವಲಿಯ ತಮ್ಮ ಫ್ಲಾಟಿಗೆ ನನ್ನನ್ನು ಕರೆಸಿಕೊಂಡಿದ್ದರು. ಬಹಳ ಸೊರಗಿದ್ದರು, ತೊಡೆಯ ಮೇಲೆ ದಿಂಬು, ಅದರ ಮೇಲೆ ಕಾಗದದ ಕಟ್ಟು. ಆತ್ಮಕಥೆ ಬರೆಯುತ್ತಿದ್ದರು.

“ಮಾಸ್ಟ್ರೇ, ಒಂದು ಚಾಪ್ಟರ್ ಪೂರಾ ಆ ಹೆಂಗಸಿನದ್ದು. ಈ ಸಲ ನಿಜವಾದ ಹೆಸರು, ಊರು, ಫೋಟೋ, ಎಲ್ಲ ಹಾಕಬೇಕು. ಅವಳಿಗೆ ನಾನು ಅಷ್ಟಾದ್ರೂ ಮಾಡ್ಬೇಕಲ್ಲ? ಅವಳ ಹೆಸರು ಎಂತದ್ದು? ನನಗೆ ಬಾಯಿಗೇ ಬರ್ತಾ ಇಲ್ಲ. ನಿಮಗೆ ಎಲ್ಲ ನೆನಪಿರ್ತದಲ್ಲ.”

ಅವರ ಪೆನ್ನು ಕಾಯುತ್ತಿತ್ತು. ಅವಳ ಹೆಸರು, ಗಂಡನ ಹೆಸರು, ಫಾರ್ಮಿನ ನಂಬರು, ನಾಲಾಸೋಪಾರಾದ ಗಲ್ಲಿ ಎಲ್ಲವೂ ನನ್ನ ನಾಲಗೆಯ ತುದಿಯಲ್ಲಿದ್ದವು.

“ಮರೆತುಹೋಗಿದೆ ಸರ್,” ಎಂದೆ.

“ನಿಮಗಾ?” ಎಂದು ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ ಅದನ್ನೂ ಬರೆದುಕೊಂಡರು.