ಕೈಗೆ ಕೊಡದವನ ಜೊತೆ ಉನೈಜಾಕ್ಕೆ

ಗುರುವಾರ ಸಂಜೆ ಕೆಲಸ ಮುಗಿಸಿ ನಾವು ಮೂವರು ದಹ್ರಾನ್‌ನಿಂದ ಹೊರಟೆವು. ಸೌದಿಯಲ್ಲಿ ವಾರದ ರಜೆ ಶುಕ್ರವಾರ, ಶನಿವಾರಕ್ಕೆ ಬದಲಾದ ಮರುವರ್ಷ ಅದು. ಆಗಸ್ಟ್ ಕೊನೆ, ಖರ್ಜೂರದ ಕಾಲ. ಕಾರು ಬಂಟ್ವಾಳ ಕಡೆಯ ಹಮೀದಾಕನದು. ಮಗಳ ಮದುವೆಗೆ ಊರಿಗೆ ಒಯ್ಯುವ ಖರ್ಜೂರವನ್ನು ಉನೈಜಾದ ತೋಟದಿಂದಲೇ ತರಬೇಕೆಂಬುದು ಅವರ ಹಟ. ನಾನು ಊರು ನೋಡುವ ಆಸೆಗೆ ಹೊರಟವನು. ಮೂರನೆಯವನು ನಮ್ಮ ವರ್ಕ್‌ಶಾಪಿನ ವೆಲ್ಡಿಂಗ್ ಇನ್‌ಸ್ಪೆಕ್ಟರ್, ಅಮೆರಿಕದ ಅಮೋಸ್. ಹೊಲ ಕಾಣದೆ ಎರಡು ವರ್ಷವಾಯಿತು, ಯಾವ ಬೆಳೆಯಾದರೂ ಸರಿ ಎಂದು ಬಂದಿದ್ದ.

ಅಮೋಸನ ಮೇಲೆ ನನಗೊಂದು ಸಿಟ್ಟಿತ್ತು. ಅವನು ಏನನ್ನೂ ಕೈಗೆ ಕೊಡುತ್ತಿರಲಿಲ್ಲ. ಸ್ಪ್ಯಾನರ್ ಕೇಳಿದರೆ ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆಯುತ್ತಿದ್ದ. ಅಂದು ಹೊರಡುವಾಗಲೂ ನನ್ನ ಚಹಾ ಲೋಟವನ್ನು ಕಾರಿನ ಬಾನೆಟ್ ಮೇಲಿಟ್ಟ. ನಮ್ಮ ಕಡೆ ಹಾಗೆ ಇಟ್ಟು ಕೊಡುವುದಕ್ಕೆ ಒಂದೇ ಅರ್ಥ. ನನ್ನ ಅಜ್ಜಿ ಗದ್ದೆ ಕೆಲಸಕ್ಕೆ ಹೋಗುತ್ತಿದ್ದ ಮನೆಗಳಲ್ಲಿ ಮಜ್ಜಿಗೆಯನ್ನು ಗೆರಟೆಯಲ್ಲಿ ಹೊಯ್ದು ಅಂಗಳದ ಮೂಲೆಯಲ್ಲಿ ಇಡುತ್ತಿದ್ದರು. ಇಟ್ಟವರು ದೂರ ಸರಿದ ಮೇಲೆ ಅವಳು ಎತ್ತಿಕೊಳ್ಳಬೇಕು. ಬಿಳಿಯರಲ್ಲಿಯೂ ಇದು ಇದೆ ಎಂದುಕೊಂಡು ನಾನು ಅಮೋಸನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಅರ್ಧ ದಾರಿಯಲ್ಲಿ ದಹನಾ ಮರುಭೂಮಿಯ ಮರಳು ಬಂತು. ಇಳಿ ಬಿಸಿಲಿಗೆ ದಿಣ್ಣೆಗಳೆಲ್ಲ ಜಾಜಿಮಣ್ಣು ಹಚ್ಚಿದಂತೆ ಕೆಂಪಾಗಿದ್ದವು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ಲೀಟರ್ ಪೆಟ್ರೋಲಿಗಿಂತ ನೀರಿನ ಬಾಟಲಿಗೇ ಬೆಲೆ ಹೆಚ್ಚು. ಅಮೋಸ್ ನೀರು ತಂದು ನಮ್ಮ ಬಾಟಲಿಗಳನ್ನು ಸೀಟಿನ ಮೇಲಿಟ್ಟ.

ಹಮೀದಾಕ ನನ್ನ ಮುಖ ನೋಡಿದರು. "ಎಂತ ಸುಂದರಣ್ಣ, ನೀವು ಒಳಗೊಳಗೇ ಬೇಯುದು. ನಾನೇ ಕೇಳ್ತೇನೆ." ಅವನತ್ತ ತಿರುಗಿ ತಮ್ಮ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು: "ಅಲ್ಲ ಮಾರಾಯ, ನಮ್ಮ ಕೈಯಲ್ಲಿ ಎಂತ ವಿಷ ಉಂಟಾ?"

ಅಮೋಸನ ಕಿವಿ ಕೆಂಪಾಯಿತು. "ನಿಮ್ಮ ಕೈಯಲ್ಲಿ ಅಲ್ಲ, ನನ್ನದರಲ್ಲಿ" ಎಂದ.

ರಿಯಾದ್ ತಲುಪುವವರೆಗೆ ನಿಧಾನವಾಗಿ ಹೇಳಿದ. ಅವನು ಆಮಿಶ್ ಎಂಬ ಕ್ರೈಸ್ತ ಪಂಗಡದಲ್ಲಿ ಹುಟ್ಟಿದವನು. ಅವರ ಮನೆಗೆ ಕರೆಂಟಿನ ತಂತಿ ಬರುವಂತಿಲ್ಲ, ಕಾರು ಇಟ್ಟುಕೊಳ್ಳುವಂತಿಲ್ಲ, ಉಳುವುದು ಕುದುರೆಯಲ್ಲಿ, ಶಾಲೆ ಎಂಟನೇ ತರಗತಿಯವರೆಗೆ. ಹದಿನೆಂಟಕ್ಕೆ ದೀಕ್ಷಾಸ್ನಾನ ಪಡೆದು, ಈ ಕಟ್ಟಳೆಯಲ್ಲೇ ಬಾಳುತ್ತೇನೆಂದು ಸಭೆಯ ಎದುರು ಮಾತು ಕೊಟ್ಟ. ಇಪ್ಪತ್ತೆರಡಕ್ಕೆ ಮನೆ ಬಿಟ್ಟ. ಮಾತು ಕೊಟ್ಟು ಬಿಟ್ಟುಹೋದವನೊಂದಿಗೆ ಮಾತಾಡಬಹುದು, ಆದರೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ, ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಅವನು ಕೆಳಗಿಟ್ಟರೆ ಎತ್ತಿಕೊಳ್ಳಬಹುದು. ಮನೆಗೆ ಹೋದಾಗಲೆಲ್ಲ ಇಟ್ಟು ಇಟ್ಟು ಅವನಿಗೆ ಅದೇ ಅಭ್ಯಾಸವಾಗಿತ್ತು.

"ಅಮ್ಮ ನನಗೊಂದು ಸಣ್ಣ ಮೇಜು ಹಾಕುತ್ತಾಳೆ. ದೊಡ್ಡ ಮೇಜಿನಿಂದ ಎರಡು ಬೆರಳಷ್ಟು ದೂರ. ಆಮೇಲೆ ಎರಡರ ಮೇಲೂ ಒಂದೇ ಬಟ್ಟೆ ಹಾಸುತ್ತಾಳೆ. ಸಂದು ಕಾಣುವುದಿಲ್ಲ."

ಕಟ್ಟಳೆಯನ್ನೂ ಮೀರದೆ ಮಗನನ್ನೂ ಬಿಡದೆ ಬಟ್ಟೆ ಹಾಸಿದ ಆ ತಾಯಿಯನ್ನು ನಾನು ಕಣ್ಣಮುಂದೆ ತಂದುಕೊಳ್ಳುತ್ತ ಕುಳಿತೆ. ರಿಯಾದಿನ ಮಲಾಜ್ ಬಡಾವಣೆಯಲ್ಲಿ ಹಮೀದಾಕನ ಭಾವನ ಕೋಣೆಯಲ್ಲಿ ಮಲಗಿದಾಗಲೂ ಅದೇ ಯೋಚನೆ.

ಶುಕ್ರವಾರ ಬೆಳಿಗ್ಗೆ ಉನೈಜಾ ಇರುವ ಖಸೀಮ್ ಪ್ರಾಂತ್ಯದ ದಾರಿ ಹಿಡಿದೆವು. ಅಮೋಸ್ ಉಳಿದದ್ದನ್ನು ಆಗ ಹೇಳಿದ. ಸಭೆ ಅವನನ್ನು ಮರಳಿ ಸೇರಿಸಿಕೊಳ್ಳಲು ಒಪ್ಪಿತ್ತು. ಚಳಿಗಾಲದೊಳಗೆ ಬಂದು ಎಲ್ಲರ ಎದುರು ಮಂಡಿಯೂರಿ ತಪ್ಪೊಪ್ಪಿಕೊಂಡರೆ ದೊಡ್ಡ ಮೇಜಿನಲ್ಲಿ ಅವನ ಕುರ್ಚಿ ಅವನಿಗೆ. ಆದರೆ ಈ ಕೆಲಸ, ಕಾರು, ಓದಿ ಪಡೆದ ಸರ್ಟಿಫಿಕೇಟು, ಎಲ್ಲ ಬಿಟ್ಟು ಹೋಗಬೇಕು. ಇತ್ತ ಅವನ ಇಕಾಮಾ, ಅಂದರೆ ಇಲ್ಲಿರಲು ಕೊಡುವ ಪರವಾನಗಿ, ನವೀಕರಿಸುವ ಹೊತ್ತೂ ಬಂದಿತ್ತು. ಅಂದು ಮಧ್ಯಾಹ್ನ ಮೂರಕ್ಕೆ, ಅಲ್ಲಿಯ ಬೆಳಗಿನ ಎಂಟಕ್ಕೆ, ಅಮ್ಮ ಹಾಲು ಕರೆದು ಮುಗಿಸಿ, ಮನೆಯಲ್ಲಿ ಫೋನ್ ಇಡುವಂತಿಲ್ಲದ್ದರಿಂದ ಪಕ್ಕದ ಹೊಲದ ಫೋನ್ ಗುಡಿಸಲಿಗೆ ಬರುತ್ತಾಳೆ. ಅವಳಿಗೆ ಉತ್ತರ ಬೇಕು.

"ಎಂತ ಹೇಳ್ತಿ?" ಎಂದರು ಹಮೀದಾಕ.

"ಗೊತ್ತಿಲ್ಲ."

ಮರಳಿನ ನಡುವೆ ವೃತ್ತಾಕಾರದ ಹಸಿರು ಹೊಲಗಳು ಕಾಣತೊಡಗಿದವು. ಅಮೋಸ್ ಕಿಟಕಿಗೆ ಹಣೆ ಒತ್ತಿ ನೋಡುತ್ತಿದ್ದ.

ಉನೈಜಾದ ತೋಟದ ಯಜಮಾನ ಅಬೂ ಸಾಲಿಹ್ ಹಮೀದಾಕನಿಗೆ ಹಳೆಯ ಪರಿಚಯ. ಎಪ್ಪತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನವರು. ಮೀಸೆ ಬೋಳಿಸಿ ಗಡ್ಡ ಬಿಡುವ ಆಮಿಶ್ ಪದ್ಧತಿಯನ್ನು ಅಮೋಸ್ ಬಿಟ್ಟಿರಲಿಲ್ಲ. ಆ ಗಡ್ಡ ನೋಡಿ ಅವರು ಸಲಾಂ ಹೇಳಿ, ಅವನ ತೋಳು ಹಿಡಿದು ನೇರ ಮಸೀದಿಯ ಕಡೆ ನಡೆದರು. ಹಮೀದಾಕ ಓಡಿ ಹೋಗಿ ಬಿಡಿಸಿದರು. ಇವನು ಕ್ರೈಸ್ತ, ಇವನ ಮನೆಯವರು ಕುದುರೆಯಲ್ಲಿ ಉಳುತ್ತಾರೆ ಎಂದು ಅರಬಿಯಲ್ಲಿ ವಿವರಿಸಿ, ಮುದುಕರು ಹೇಳಿದ್ದನ್ನು ನಮಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿದರು: "ಅಮೆರಿಕದಲ್ಲಿ ಕುದುರೆಯಲ್ಲಿ ಉಳುದಾದ್ರೆ ನಮ್ಮ ಎಣ್ಣೆ ಎಲ್ಲಿಗೆ ಹೋಗ್ತದೆ ಅಂತ ಕೇಳ್ತಾರೆ."

ಶುಕ್ರವಾರದ ಜುಮಾ ನಮಾಜು ಮುಗಿದ ಮೇಲೆ ಊಟ. ನೆಲದ ಮೇಲೆ ಹಾಸಿದ ಹಾಳೆಯ ನಡುವೆ ದೊಡ್ಡ ತಟ್ಟೆ, ಅದರಲ್ಲಿ ಅನ್ನ, ಮೇಲೆ ಕುರಿಮಾಂಸ. ಅಬೂ ಸಾಲಿಹ್, ಅವರ ಇಬ್ಬರು ಗಂಡುಮಕ್ಕಳು, ನಾವು ಮೂವರು, ಎಲ್ಲರಿಗೂ ಅದೊಂದೇ. ಅಮೋಸ್ ನಿಂತೇ ಇದ್ದ. ಬೇರೆ ತಟ್ಟೆ ಸಿಗಬಹುದೇ ಎಂದು ನನ್ನ ಕಿವಿಯಲ್ಲಿ ಕೇಳಿದ. ಅಷ್ಟರಲ್ಲಿ ಮುದುಕರು ಅವನ ಅಂಗಿ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡರು. ಮಾಂಸ ಹರಿದು ಅವನ ಎದುರಿನ ಅನ್ನದ ಮೇಲೆ ಹಾಕಿದರು.

ಮಜ್ಜಿಗೆಯ ಬಟ್ಟಲು ಸುತ್ತು ಬಂತು. ಅಮೋಸ್ ಕುಡಿದು, ಅದನ್ನು ಇಡಲು ಜಾಗ ಹುಡುಕಿದ. ಹಾಳೆಯ ಮೇಲೆ ಜಾಗವಿರಲಿಲ್ಲ. ಅಬೂ ಸಾಲಿಹ್ ಮಗನೊಡನೆ ಪಂಪಿನ ರಿಪೇರಿಯ ಮಾತಾಡುತ್ತಿದ್ದರು. ಮಾತು ನಿಲ್ಲಿಸದೆ, ಅವನತ್ತ ನೋಡದೆ, ಅವನ ಕೈಯಿಂದ ಬಟ್ಟಲು ತೆಗೆದುಕೊಂಡು ಕುಡಿದು ನನ್ನ ಕಡೆ ಚಾಚಿದರು. ನಾನು ಅದನ್ನು ಹಿಡಿದು ಸ್ವಲ್ಪ ಹೊತ್ತು ಕುಡಿಯದೆ ಕುಳಿತಿದ್ದೆ. ಇಷ್ಟು ದೊಡ್ಡ ಸಂಗತಿ ಇಷ್ಟು ಸುಲಭವಾಗಿ ನಡೆಯಬಹುದೆಂದು ನನಗೆ ತಿಳಿದಿರಲಿಲ್ಲ. ಅಮೋಸ್ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದ. ಎಲ್ಲರೂ ಎದ್ದ ಮೇಲೂ ಉಂಡ.

ಮೂರಕ್ಕೆ ಅವನು ಫೋನ್ ಹಿಡಿದು ಖರ್ಜೂರದ ಮರಗಳ ಸಾಲಿನೊಳಗೆ ಹೋದ. ಬಿಸಿಲು ನಲವತ್ತೈದು ಡಿಗ್ರಿಯ ಹತ್ತಿರವಿರಬೇಕು. ಹಮೀದಾಕ ಖರ್ಜೂರದ ಪೆಟ್ಟಿಗೆಗಳನ್ನು ಡಿಕ್ಕಿಗೆ ತುಂಬುತ್ತಿದ್ದರು. ಅಮೋಸನ ಮನೆಯವರ ಜರ್ಮನ್ ಬೆರಕೆಯ ಆಡುಭಾಷೆ ನನಗೆ ತಿಳಿಯದು. ಅವನು ಹೆಚ್ಚಾಗಿ ಕೇಳುತ್ತಲೇ ಇದ್ದ. ಕೊನೆಗೆ ಏನೋ ನಾಲ್ಕು ಮಾತು ಹೇಳಿ ಫೋನ್ ಜೇಬಿಗಿಟ್ಟ. ನಾವು ಕಾರಿನೊಳಗೆ ಕುಳಿತು ರಸ್ತೆಗೆ ಬಂದೆವು.

"ಮಂಡಿಯೂರುವುದಿಲ್ಲ ಎಂದೆ" ಎಂದ. "ಆದರೆ ಚಳಿಗಾಲಕ್ಕೆ ಕಾಯದೆ ಬಂದು ಹೋಗುತ್ತೇನೆ ಎಂದೆ."

"ಅಳುದಾ ಅಮ್ಮ?" ಎಂದರು ಹಮೀದಾಕ, ರಸ್ತೆಯಿಂದ ಕಣ್ಣು ತೆಗೆಯದೆ.

"ಮೊದಲು ಸ್ವಲ್ಪ. ಆಮೇಲೆ ಎಷ್ಟು ದಿನ ಇರುತ್ತೀ ಎಂದು ಕೇಳಿದಳು. ಲೆಕ್ಕ ಹಾಕಿ ಹೇಳುತ್ತೇನೆ ಎಂದೆ."

ಊರು ದಾಟುವಾಗ ನಾನು ಹಿಂತಿರುಗಿ ನೋಡಿದೆ. ಧೂಳಿನಲ್ಲಿ ಮರಗಳು ಬೇರೆ ಬೇರೆಯಾಗಿ ಕಾಣದೆ ಒಂದು ಹಸಿರು ಗೆರೆಯಾಗಿದ್ದವು. ಅಮೋಸ್ ತಿರುಗಲಿಲ್ಲ. ಬೆರಳು ಮಡಚುತ್ತ ಏನೋ ಲೆಕ್ಕ ಹಾಕುತ್ತಿದ್ದ.

"ನನಗೆ ಉಳಿದಿರುವುದು ಮೂರೇ ವಾರದ ರಜೆ" ಎಂದ.

"ಬಕ್ರೀದಿನ ರಜೆ ಬರ್ತದಲ್ಲ, ಅದನ್ನೂ ಸೇರಿಸು" ಎಂದರು ಹಮೀದಾಕ. "ತಿಂಗಳಾಗ್ತದೆ."

ಅಮೋಸ್ ಮತ್ತೆ ಮೊದಲಿನಿಂದ ಎಣಿಸತೊಡಗಿದ.